ಬೋರ್ಡು ಬರೆಯುವವರ ಕಿಟಕಿ

ಫೆಬ್ರವರಿ 11

ಅಪ್ಪಾ,

ಬಯ್ಯುವುದನ್ನೆಲ್ಲ ಫೋನಿನಲ್ಲೇ ಬಯ್ದು ಮುಗಿಸಿದ್ದೀಯ, ಆದ್ದರಿಂದ ಇದನ್ನು ಸಮಾಧಾನವಾಗಿ ಓದು. ಮೊನ್ನೆ ನಾನು ಸರಿಯಾಗಿ ಮಾತಾಡಲಿಲ್ಲ ಎಂದು ನಿನಗೆ ಬೇಜಾರಾಗಿರಬೇಕು. ಏನು ಮಾಡಲಿ, ಹೊಸ ವೈರು ಸಿಕ್ಕಿಸಿಯಾಗಿತ್ತು, ಕ್ಯಾಮೆರಾ ಹೆಗಲ ಮೇಲಿತ್ತು, ಫೋನು ಸ್ಪೀಕರಿನಲ್ಲಿತ್ತು. ನೀನು "ಸತ್ತೇ ಹೋದೆ ಅಂದ್ಕೊಂಡೆನಲ್ಲೇ" ಅಂದದ್ದೂ ಆಮೇಲೆ ಮೂಗು ಸೀಟಿದ್ದೂ ನೋಡುವವರಿಗೆಲ್ಲ ಕೇಳಿಸಿತು. ಅದಕ್ಕೇ ಈ ಕಾಗದ. ಇನ್ನು ಮೇಲೆ ನಮ್ಮಿಬ್ಬರ ಮಾತು ಕಾಗದದಲ್ಲೇ ಇರಲಿ. ಈಗ ಕ್ಯಾಮೆರಾವನ್ನು ಮೊಳೆಗೆ ತೂಗುಹಾಕಿ ಬೀದಿಯ ಕಡೆ ತಿರುಗಿಸಿದ್ದೇನೆ. ಜನ ಸದ್ಯಕ್ಕೆ ಎದುರಿನ ಇಸ್ತ್ರಿ ಅಂಗಡಿಯನ್ನು ನೋಡುತ್ತಿದ್ದಾರೆ, ಯಾರೂ ಗೊಣಗಿಲ್ಲ.

ನಡೆದದ್ದು ಇಷ್ಟೇ. ರಸ್ತೆ ದಾಟುವಾಗ ಬಸ್ಸು ಹಾರ್ನ್ ಹೊಡೆಯಿತು, ನಾನು ಹಿಂದಕ್ಕೆ ಹಾರಿದೆ, ಬ್ಯಾಟರಿಯ ವೈರು ಕಿತ್ತುಬಂತು. ನಿನಗೆ ಕಂಡದ್ದು ಬಸ್ಸಿನ ಮೂತಿ, ಆಮೇಲೆ ಕತ್ತಲು. ಪೊಲೀಸ್ ಠಾಣೆಗೆ ಹೋಗುವ ಮುಂಚೆ ಒಂದು ಫೋನು ಮಾಡಬಹುದಿತ್ತಲ್ಲ ಎಂದು ಕೇಳುವುದಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಓಡುತ್ತಿದ್ದೆ.

"ಇದೆಂಥ ಕೆಲಸ, ಇದನ್ನು ಯಾರು ನೋಡ್ತಾರೆ" ಎಂದು ನೀನು ಅಂದೆ. ನಿಜ ಹೇಳಬೇಕೆಂದರೆ ಯಾಕೆ ನೋಡುತ್ತಾರೋ ನಮಗೂ ಗೊತ್ತಿಲ್ಲ. ನಾವು ಮೂರು ಜನ. ನಾನು, ಲೆಕ್ಕ ಮತ್ತು ಮಾತು ನೋಡಿಕೊಳ್ಳುವ ಒಬ್ಬ, ಅವನನ್ನು ಕನ್ನಡಕ ಎಂದೇ ಕರೆಯುತ್ತೇವೆ, ಯಂತ್ರಗಳನ್ನು ನೋಡಿಕೊಳ್ಳುವ ಗುಬ್ಬಿ. ಟೈರ್ ಅಂಗಡಿಯ ಮೇಲೊಂದು ಕೋಣೆ, ಬಟ್ಟೆಗೆಲ್ಲ ರಬ್ಬರಿನ ವಾಸನೆ. ಟೀವಿಯವರು ಕತ್ತರಿಸಿ ಅಂಟಿಸಿದ್ದನ್ನು ತೋರಿಸುತ್ತಾರೆ, ನಾವು ನಮ್ಮ ಸೈಟಿನಲ್ಲಿ ಈ ಗಳಿಗೆಯಲ್ಲಿ ನಡೆಯುತ್ತಿರುವುದನ್ನು ತೋರಿಸುತ್ತೇವೆ. ಮೂಲೆಯಲ್ಲಿ ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ "ಈಗ" ಎಂಬ ಪದ. ನಾನು ಸೋಪು ಕೊಳ್ಳುವುದನ್ನು, ಸಾಲಿನಲ್ಲಿ ನಿಂತು ಆಕಳಿಸುವುದನ್ನು ಒಂದು ಬಸ್ಸಿನ ತುಂಬ ಆಗುವಷ್ಟು ಜನ ಕೂತು ನೋಡುತ್ತಾರೆ. ದಿನದಿನಕ್ಕೆ ಹೆಚ್ಚುತ್ತಿದ್ದಾರೆ.

ನಿನ್ನ ಗಾಬರಿ ನೋಡಿ ನನಗೊಂದು ಉಪಾಯ ಹೊಳೆಯಿತು, ಗುಬ್ಬಿ ಅದನ್ನು ಮಾಡಿಯೂಬಿಟ್ಟ. ಇನ್ನು ಮೇಲೆ ವೈರು ಕಿತ್ತರೆ, ಲೈನು ಕೈಕೊಟ್ಟರೆ ಪರದೆ ಕಪ್ಪಾಗುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಕಂಡಿದ್ದೇ ಮತ್ತೆ ಓಡುತ್ತಿರುತ್ತದೆ, ಲೈನು ಬಂದ ಕೂಡಲೇ ನಿಜವಾದದ್ದು ಬಂದು ಕೂಡಿಕೊಳ್ಳುತ್ತದೆ. ಅದಕ್ಕೆ ತೇಪೆ ಎಂದು ಹೆಸರಿಟ್ಟಿದ್ದೇವೆ. ಇನ್ನು ನೀನು ಕತ್ತಲು ನೋಡುವುದಿಲ್ಲ, ಅಪ್ಪಾ.

ಹೊಟ್ಟೆತುಂಬ ಊಟ ಮಾಡು.

ನಿನ್ನ
ಪುಟ್ಟಿ


ಫೆಬ್ರವರಿ 20

ಪುಟ್ಟೀ,

ಕಾಗದ ತಲುಪಿತು. ನಿನ್ನ ಅಕ್ಷರ ನೋಡಿ ಹೊಟ್ಟೆಯುರಿಯಿತು. ಬೋರ್ಡು ಬರೆಯುವವನ ಮಗಳು ಹೀಗೆ ಕೋಳಿ ಕೆದರಿದ ಹಾಗೆ ಬರೆದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ.

ಠಾಣೆಗೆ ಓಡಿದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಕೈಯೆಲ್ಲ ಕೆಂಪು ಬಣ್ಣ ಮೆತ್ತಿಕೊಂಡು ಹೋದೆ, ಪೊಲೀಸಿನವನು ನನ್ನನ್ನೇ ಹಿಡಿದು ಕೂರಿಸುವುದರಲ್ಲಿದ್ದ. ಪಕ್ಕದ ಬೀಗದಮ್ಮ ಬಂದು "ಇವರು ಇರುವೇನೂ ಕೊಲ್ಲೋರಲ್ಲ ಸಾರ್" ಎಂದು ಬಿಡಿಸಿಕೊಂಡು ಬಂದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಬೀಗ ರಿಪೇರಿ ಮಾಡಿದವಳು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ನೀನು ಮಾಡುವ ಕೆಲಸ ನನಗೆ ಅರ್ಥವಾಗಿಲ್ಲ, ಒಪ್ಪಿಗೆಯೂ ಇಲ್ಲ. ನೀನು ತಲೆ ಬಾಚಿಕೊಂಡಿಲ್ಲವೆಂದು ಯಾರೋ ಪರದೆಯ ಕೆಳಗೆ ಬರೆದಿದ್ದ. ಅದನ್ನು ಹೇಳಲು ಅವನ್ಯಾರು? ನಾನಿದ್ದೇನಲ್ಲ. ಆದರೂ ಬೆಳಿಗ್ಗೆ ಡಬ್ಬದ ಮುಚ್ಚಳ ತೆಗೆಯುವ ಮುಂಚೆ ಫೋನಿನಲ್ಲಿ ನೀನು ಓಡಾಡುತ್ತಿರುವುದನ್ನು ನೋಡಿದರೆ ಕೈ ಸಲೀಸಾಗಿ ಓಡುತ್ತದೆ. ತೇಪೆ ಒಳ್ಳೆಯ ಉಪಾಯ. ಭೇಷ್. ನನ್ನ ಹೊಟ್ಟೆ ತಣ್ಣಗಿರುತ್ತದೆ.

ರಸ್ತೆ ದಾಟುವಾಗ ಎರಡೂ ಕಡೆ ನೋಡು. ನಿನ್ನ ಪ್ರೇಕ್ಷಕರು ಬಂದು ಬಸ್ಸು ನಿಲ್ಲಿಸುವುದಿಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ


ಜೂನ್ 3

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟಾಗಬೇಡ. ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ.

ಕ್ಯಾಮೆರಾವನ್ನು ಹೆಗಲಿಂದ ಇಳಿಸಿದೆ. ಹೆಗಲ ಮೇಲೆ ಬರೆ ಬಿದ್ದಿದೆ, ಅದು ಬಿಟ್ಟರೆ ಬೇರೇನೂ ನಷ್ಟವಿಲ್ಲ. ಜನ "ನಮಗೂ ಒಂದು ಕೊಡಿ, ನಾವೂ ತೋರಿಸುತ್ತೇವೆ" ಎಂದು ದುಂಬಾಲು ಬಿದ್ದರು. ಸರಿ, ಯಾರು ಬೇಕಾದರೂ ಸೈಟಿನಲ್ಲಿ ತಮ್ಮದೊಂದು ಕಿಟಕಿ ತೆರೆಯಬಹುದು ಎಂದು ಬಾಗಿಲು ಹಾಕದೆ ಬಿಟ್ಟೆವು. ಮೊದಲು ಬಂದವನು ಮೀನಿನ ತೊಟ್ಟಿ ತೋರಿಸಿದ. ಆಮೇಲೆ ಗಣಿತ ಹೇಳಿಕೊಡುವ ಒಬ್ಬ ಟೀಚರು, ರೇಡಿಯೋ ಬಿಚ್ಚಿ ಜೋಡಿಸುವ ಒಬ್ಬ ತಾತ. ಆಮೇಲೆ ಕಂಪ್ಯೂಟರಿನಲ್ಲಿ ಆಟವಾಡುವವರು ಬಂದರು ನೋಡು, ಕಟ್ಟೆ ಒಡೆದ ಹಾಗೆ. ಒಬ್ಬ ಆಡುತ್ತಾನೆ, ಸಾವಿರಾರು ಜನ ನೋಡುತ್ತಾರೆ. ನೀನು ನಗುತ್ತೀಯ ಎಂದು ಗೊತ್ತು. ಬೀದಿಯಲ್ಲಿ ಕೇರಂ ಆಡುವವರ ಸುತ್ತ ನಿಂತು ನೋಡುತ್ತಿದ್ದವನು ನೀನಲ್ಲವೇ?

ಒಂದು ದಿನ ಯಾರದೋ ಕಿಟಕಿಯಲ್ಲಿ ಬೆಕ್ಕು ಮರಿ ಹಾಕಿತು. ಅದನ್ನು ನೋಡಲು ಜನ ನುಗ್ಗಿ ಇಡೀ ಸೈಟೇ ಕುಸಿದು ಬಿತ್ತು. ಯಂತ್ರಗಳು ಕಾದು ಕೆಂಡವಾಗಿದ್ದವು, ಗುಬ್ಬಿ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ ಕೂತಿದ್ದ. ಈಗ ದೊಡ್ಡ ಜಾಗಕ್ಕೆ ಬಂದಿದ್ದೇವೆ, ಗಾಜಿನ ಬಾಗಿಲಿದೆ. ಕನ್ನಡಕ ಕೋಟು ಹೊಲಿಸಿಕೊಂಡಿದ್ದಾನೆ. ನಮ್ಮನ್ನು ನಕಲು ಮಾಡುವವರೂ ಹುಟ್ಟಿಕೊಂಡಿದ್ದಾರೆ, ಆದರೆ ಅವರಲ್ಲಿ ಲೈನು ಹೋದರೆ ಪರದೆ ಕಪ್ಪು, ಜನ ಎದ್ದು ನಡೆಯುತ್ತಾರೆ. ನಮ್ಮಲ್ಲಿ ಯಾರೂ ಕದಲುವುದಿಲ್ಲ. ತೇಪೆಯಿಂದಲೇ ನಾವು ಗೆಲ್ಲುತ್ತಿದ್ದೇವೆ ಎಂದು ಕನ್ನಡಕ ಹೇಳುತ್ತಾನೆ.

ಒಂದು ಮಾತು. ನೀನು ನನ್ನನ್ನು ಇಷ್ಟು ದಿನ ನೋಡಿದೆ, ಈಗ ನಾನು ನಿನ್ನನ್ನು ನೋಡಬೇಕು. ಒಂದು ಕ್ಯಾಮೆರಾ ಕಳಿಸುತ್ತೇನೆ, ಅಂಗಡಿಯ ಗೋಡೆಗೆ ಹಾಕಿಕೊಳ್ಳುತ್ತೀಯಾ? ನೀನು ಬೋರ್ಡು ಬರೆಯುವುದನ್ನು ನೋಡಿ ಯಾವ ಕಾಲವಾಯಿತು. ಇಲ್ಲ ಅನ್ನಬೇಡ.

ಪ್ರೀತಿಯಿಂದ,
ಪುಟ್ಟಿ


ಜುಲೈ 14

ಪುಟ್ಟೀ,

ಕ್ಯಾಮೆರಾ ಗೋಡೆ ಹತ್ತಿ ಕೂತಿದೆ. ಬೀಗದಮ್ಮನ ಡ್ರಿಲ್ಲು, ಅವಳದೇ ಬಯ್ಗುಳ. ಅವಳೂ ತನ್ನ ಫೋನಿನಲ್ಲಿ ನನ್ನ ಕಿಟಕಿ ತೆರೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡಿದ್ದಾಳೆ. ಮುಂಚೆ ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ಇಣುಕಿ "ಇದ್ದೀರಾ" ಅನ್ನುತ್ತಿದ್ದಳು, ಈಗ ಕೂತಲ್ಲಿಂದಲೇ ಗೋಡೆಯಾಚೆಯಿಂದ "ಆ ಹಸಿರು ಚೆನ್ನಾಗಿಲ್ಲ" ಅನ್ನುತ್ತಾಳೆ.

ಜನ ನಿಜವಾಗಿಯೂ ನೋಡುತ್ತಾರಲ್ಲೇ. ನನಗೆ ನಂಬಲಾಗಲಿಲ್ಲ. ನಾನು ಕೋಲಿಗೆ ಕೈ ಆನಿಸಿ ಒಂದು ಕೊಂಬು ಎಳೆಯುವಷ್ಟು ಹೊತ್ತು ಯಾರೂ ಏನೂ ಬರೆಯುವುದಿಲ್ಲ, ಎಳೆದು ಮುಗಿಸಿದ ಮೇಲೆ "ಆಹಾ" ಎಂದು ಬರೆಯುತ್ತಾರೆ. ಒಬ್ಬ ಮಾತ್ರ ನನ್ನ "ಕ" ವಾಲಿದೆ ಎಂದು ವಾದಕ್ಕೆ ಬಂದ. ಮರುದಿನ ಅವನಿಗೋಸ್ಕರವೇ ಒಂದು ಆಳೆತ್ತರದ "ಕ" ಬರೆದೆ. ಆಸಾಮಿ ಜಾಗ ಖಾಲಿ ಮಾಡಿದ. ಗಿರಾಕಿಗಳು ಒಳಗೆ ಬರುವ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದಾರೆ. ನಾನೂ ಹೊಸ ಅಂಗಿ ಹಾಕಿದ್ದೇನೆ, ನೋಡಿರುತ್ತೀಯ.

ನೋಡಿರುತ್ತೀಯ ಎಂದು ಬರೆದೆ, ಆದರೆ ನೋಡಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಅಷ್ಟು ಜನರ ಮಧ್ಯೆ ನೀನು ಯಾವಾಗ ಬಂದೆ, ಯಾವಾಗ ಹೋದೆ ಎಂಬುದು ಈ ಕಡೆ ಕಾಣುವುದಿಲ್ಲ. ಒಂದೊಂದು ಸಲ ಕ್ಯಾಮೆರಾ ಕಡೆ ತಿರುಗಿ ಹುಬ್ಬು ಹಾರಿಸುತ್ತೇನೆ. ಅದು ನಿನಗೆ.

ಮುಂದಿನ ತಿಂಗಳುಗಳಲ್ಲಿ ದೊಡ್ಡ ಕೆಲಸಗಳಿವೆ, ಏಣಿ ಹತ್ತಿ ಬರೆಯುವಂಥವು. ನೋಡುವವರಿಗೆ ಹಬ್ಬ.

ಅಪ್ಪ


ನವೆಂಬರ್ 2

ಅಪ್ಪಾ,

ಬಸ್ಸು ಸರಿಯಾಗಿ ಸಿಕ್ಕಿತು, ಬಂದು ಮುಟ್ಟಿದೆ. ನಿನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬಾರದಿತ್ತು. ಬೀಗದಮ್ಮ "ನೀನು ಹೋಗಮ್ಮ, ನಾನಿದ್ದೀನಿ" ಎಂದು ತಳ್ಳಿದರು, ನಾನೂ ತಳ್ಳಿಸಿಕೊಂಡೆ.

ಅಲ್ಲಿದ್ದಷ್ಟು ದಿನ ನಿನ್ನ ಹತ್ತಿರ ಏನೂ ಕೇಳಲಾಗಲಿಲ್ಲ. ಏಣಿ ಜಾರಿದಾಗ ತುಂಬ ನೋವಾಯಿತಾ, ಎಷ್ಟು ಹೊತ್ತು ಕೂಗಿದೆ, ಇಂಥವು. ನೀನು ಔಷಧಿ ಕೊಡುವ ನರ್ಸಿನ ಅಕ್ಷರದ ಬಗ್ಗೆ ತಮಾಷೆ ಮಾಡುತ್ತಿದ್ದೆ, ನಾನು ನಗುತ್ತಿದ್ದೆ. ಬೆಳಿಗ್ಗೆ ಬಿದ್ದವನನ್ನು ಸಂಜೆ ಬೀಗದಮ್ಮ ಅಂಗಡಿ ಮುಚ್ಚುವಾಗ ನೋಡಿದ್ದು ಎಂದು ನೆನೆದು ರಾತ್ರಿ ಎದ್ದು ಕೂರುತ್ತೇನೆ.

ಆ ದಿನ ನಾನು ಸಭೆಯಲ್ಲಿದ್ದೆ. ಫೋನು ಬಂದಾಗ ಸಂಜೆಯಾಗಿತ್ತು.

ಬೆರಳುಗಳಿಗೆ ವ್ಯಾಯಾಮ ಮಾಡಿಸುವುದನ್ನು ತಪ್ಪಿಸಬೇಡ. ಬಲಗೈ ಮೊದಲಿನ ಹಾಗಾಗುತ್ತದೆ.

ಪುಟ್ಟಿ


ನವೆಂಬರ್ 19

ಪುಟ್ಟೀ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈಗ ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ, ಖುಷಿಪಡು.

ಡಾಕ್ಟರು ಇವತ್ತು ಬಿಚ್ಚಿ ಹೇಳಿದರು. ಏಣಿಯ ಕೆಳಗೆ ತೋಳು ಸಿಕ್ಕಿಕೊಂಡು ನರ ಬಹಳ ಹೊತ್ತು ಅದುಮಿಹೋಗಿತ್ತಂತೆ. ಬೇಗ ಎತ್ತಿದ್ದರೆ ಬೆರಳು ಉಳಿಯುತ್ತಿದ್ದವು, ಇನ್ನು ಬಿಚ್ಚುವುದಿಲ್ಲ. ನಿನಗೆ ಬೇರೆ ಏನಾದರೂ ಹೇಳಿದ್ದರೆ ಅದು ಸಮಾಧಾನಕ್ಕೆ ಹೇಳಿದ್ದು.

ಬೀಗದಮ್ಮ ಅಳುತ್ತಾಳೆ. ಮಧ್ಯಾಹ್ನ ಊಟ ಮಾಡುವಾಗ ಫೋನಿನಲ್ಲಿ ನನ್ನನ್ನು ನೋಡಿದಳಂತೆ. "ಆರಾಮಾಗಿ ಬರೀತಾ ಇದ್ರಿ, ಕೆಂಪು ಚುಕ್ಕೆ ಇತ್ತು, ಅದಕ್ಕೇ ಬಂದು ನೋಡಲಿಲ್ಲ" ಅಂದಳು. ಪಕ್ಕದ ಗೋಡೆ. ನಾನು ಕೂಗಿದ್ದು ಅವಳ ಸಾಣೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಏಣಿ ಬೀಳುವಾಗ ವೈರನ್ನೂ ಎಳೆದುಕೊಂಡೇ ಬಿತ್ತು, ಅದು ನನಗೆ ನೆನಪಿದೆ.

ತೇಪೆ ಎಂದು ಆಮೇಲೆ ಅರ್ಥವಾಯಿತು. ನೀನು ಅದನ್ನು ಮಾಡಿದ್ದು ನನಗಾಗಿ, ನಾನೂ ಭೇಷ್ ಅಂದಿದ್ದೆ. ಅದರಲ್ಲಿ ಇಬ್ಬರ ಪಾಲೂ ಇದೆ, ನಿನ್ನೊಬ್ಬಳ ತಲೆಗೆ ಕಟ್ಟುವುದಿಲ್ಲ. ಒಂದೇ ಕೇಳುತ್ತೇನೆ. ಆ ದಿನ ನೀನು ನನ್ನ ಕಿಟಕಿ ನೋಡಿದೆಯಾ?

ಅಪ್ಪ


ನವೆಂಬರ್ 30

ಅಪ್ಪಾ,

ಇಲ್ಲಿ ಒಂದೇ ಓಡಾಟ. ದೊಡ್ಡ ಕಂಪನಿಯೊಂದು ನಮ್ಮ ಜೊತೆ ಸೇರಲು ಬಂದಿದೆ. ತೇಪೆ ತೆಗೆಯಬೇಕೆಂದು ನಾನು ಹೇಳಿದ್ದೇನೆ. "ಅವರು ಬರ್ತಿರೋದೇ ಅದಕ್ಕೋಸ್ಕರ, ಸಹಿ ಆಗೋವರೆಗೂ ಸುಮ್ಮನಿರು" ಎಂದು ಕನ್ನಡಕ ಅನ್ನುತ್ತಾನೆ. ಗುಬ್ಬಿ ಇನ್ನೂ ಯೋಚಿಸುತ್ತಿದ್ದಾನೆ. ಬೇರೆ ಡಾಕ್ಟರನ್ನು ವಿಚಾರಿಸಿದ್ದೇನೆ, ವಿಳಾಸ ಇದರ ಜೊತೆಗಿದೆ.

ಸಭೆಗೆ ಹೋಗುವಾಗ ಫೋನನ್ನು ಹೊರಗೆ ಬಿಟ್ಟು ಹೋಗುವುದು ನಮ್ಮಲ್ಲಿ ನಿಯಮ. ಬೆಳಿಗ್ಗೆಯಿಂದ ಸಭೆಯಲ್ಲಿದ್ದೆ ಎಂದು ಹೇಳಿದೆನಲ್ಲ.

ಚಳಿಗೆ ಕೈಗೆ ಬೆಚ್ಚಗೆ ಸುತ್ತಿಕೋ.

ಪುಟ್ಟಿ


ಡಿಸೆಂಬರ್ 16

ಮಗಳೇ,

ಬೀಗದಮ್ಮ ಪೇಪರ್ ತಂದುಕೊಟ್ಟಳು. ನಿಮ್ಮ ಕನ್ನಡಕದವನ ಫೋಟೋ ಇದೆ, ಕೋಟು ಚೆನ್ನಾಗಿದೆ. ಸೈಟು ಹುಟ್ಟಿದ ಕಥೆ, ಟೈರ್ ಅಂಗಡಿ, ಬೆಕ್ಕು, ಎಲ್ಲ ಹೇಳಿದ್ದಾನೆ. ಕೊನೆಯಲ್ಲಿ ಹೀಗಿದೆ, ನೋಡಿಕೊಂಡು ಬರೆಯುತ್ತಿದ್ದೇನೆ:

"ದೊಡ್ಡ ಕಂಪನಿಯವರು ಬಂದ ದಿನ ಅದೃಷ್ಟ ನಮ್ಮ ಕಡೆಗಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಒಬ್ಬ ಬೋರ್ಡು ಬರೆಯುವವರ ಕಿಟಕಿ ತೆರೆದಿಟ್ಟಿದ್ದೆವು. ನಾವು ತೇಪೆಯ ಬಗ್ಗೆ ವಿವರಿಸುತ್ತಿರುವಾಗಲೇ ಅಲ್ಲಿ ಲೈನು ಹೋಯಿತು. ಅವರು ಅದೇ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು, ನೋಡುವವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು."

ದಿನಾಂಕವನ್ನೂ ಹಾಕಿದ್ದಾರೆ. ನಾನು ಬಿದ್ದ ದಿನ.

ಅವನು ನನ್ನನ್ನು ಕಂಡವನಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಕೋಣೆಯಲ್ಲಿ ನೀನಿದ್ದೆಯಾ? ಆ ಪರದೆ ನೋಡಿದೆಯಾ? ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಬರೆ. ಡಾಕ್ಟರ ವಿಳಾಸ ಬೇಡ, ಚಳಿಯ ಮಾತು ಬೇಡ.

ಅಪ್ಪ


ಡಿಸೆಂಬರ್ 21

ಅಪ್ಪಾ,

ಹೌದು.

ಪುಟ್ಟಿ


ಜನವರಿ 25

ಅಪ್ಪಾ,

ನೀನು ಬರೆಯುತ್ತೀಯ ಎಂದು ಇಷ್ಟು ದಿನ ಅಂಚೆಯವನ ದಾರಿ ಕಾದೆ. ಬರೆಯದಿದ್ದರೂ ನನ್ನ ಮಾತನ್ನು ನಾನು ಹೇಳಬೇಕು. ಓದದೆ ಹರಿದುಹಾಕಿದರೂ ಸರಿ.

ನಿನ್ನ ಕಿಟಕಿಯನ್ನು ಗೋಡೆಯ ಮೇಲೆ ಹಾಕಿಸಿದ್ದು ನಾನೇ. ನಮ್ಮಪ್ಪ ಎಂದು ಅವರಿಗೆ ಹೇಳಿರಲಿಲ್ಲ, ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದುಕೊಂಡಿದ್ದೆ. ನೀನು ಔಷಧಿ ಅಂಗಡಿಯ ಬೋರ್ಡಿನಲ್ಲಿ "ಔ" ತುಂಬುತ್ತಿದ್ದೆ. ಚಿತ್ರ ಒಮ್ಮೆ ಮಿಣುಕಿತು. ನೀನು ಮತ್ತೆ ಖಾಲಿ "ಔ" ಮುಂದೆ ನಿಂತಿದ್ದೆ. ಲೈನು ಹೋಯಿತು, ತೇಪೆ ಬಂತು ಎಂದು ಆ ಕೋಣೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ನಾನೇ ಎದ್ದು ನಿಂತು "ನೋಡಿ, ಈಗ ಅಲ್ಲಿ ಲೈನು ಹೋಗಿದೆ" ಅಂದೆ. ಪರದೆಯ ಕೆಳಗಿನ ಸಂಖ್ಯೆಯನ್ನು ಕೈ ತೋರಿಸಿ "ಒಬ್ಬರೂ ಹೋಗಿಲ್ಲ" ಅಂದೆ. ನನ್ನ ಕಣ್ಣು ಆ ಸಂಖ್ಯೆಯ ಮೇಲಿತ್ತು, ಅಪ್ಪಾ. ಲೈನು ದಿನಾ ಎಲ್ಲೋ ಒಂದು ಕಡೆ ಹೋಗುತ್ತದೆ, ಬರುತ್ತದೆ. ಯಾಕೆ ಹೋಯಿತು ಎಂದು ನನಗೆ ಕೇಳಬೇಕು ಅನ್ನಿಸಲಿಲ್ಲ. ಸಂಜೆಯವರೆಗೂ ಅನ್ನಿಸಲಿಲ್ಲ. ನೋಡುವವರಲ್ಲಿ ಕೆಲವರು "ಅಜ್ಜ ಮತ್ತೆ ಅದೇ ಅಕ್ಷರ ಬರೀತಿದ್ದಾರೆ, ಏನಾದರೂ ಆಗಿದೆಯಾ" ಎಂದು ಬರೆದಿದ್ದರು. ಅವರು ಯಾರೋ ಹೊರಗಿನವರು. ಮಗಳಾದ ನಾನು ಚಪ್ಪಾಳೆ ತಟ್ಟಿಸಿಕೊಂಡೆ.

ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಿದ್ದಾಗಲೆಲ್ಲ ಇದು ಬಾಯಿಗೆ ಬರುತ್ತಿತ್ತು. ಹೇಳಿದರೆ ನೀನು ನನ್ನನ್ನು ನೋಡುವ ರೀತಿ ಬದಲಾಗುತ್ತದೆ ಎಂದು ಭಯವಾಯಿತು. ಈಗಲೂ ಭಯವಿದೆ.

ಹೋದ ವಾರ ತೇಪೆ ತೆಗೆದೆವು. ಗುಬ್ಬಿ ನನ್ನ ಪರ ನಿಂತ, ನಮ್ಮ ಕಡೆ ಎರಡು ಮತ, ಎದುರು ಒಂದು. ಕನ್ನಡಕ ಕುರ್ಚಿ ತಳ್ಳಿ ಎದ್ದು ಹೋದವನು ಇನ್ನೂ ನನ್ನ ಹತ್ತಿರ ಮಾತಾಡಿಲ್ಲ. ಈಗ ಯಾರ ಕಿಟಕಿ ನಿಂತರೂ ಪರದೆ ಕಪ್ಪಾಗುತ್ತದೆ, "ಈಗ" ಎಂಬುದು ಆರಿಹೋಗುತ್ತದೆ, ಆ ಮನೆಯವರು ಬರೆದುಕೊಟ್ಟ ನಂಬರಿಗೆ ಒಂದು ಕರೆ ಹೋಗುತ್ತದೆ. ಜನ ಕಪ್ಪು ನೋಡಿ ಬೇರೆ ಸೈಟುಗಳಿಗೆ ಹೋಗುತ್ತಿದ್ದಾರೆ, ದಿನಾ ಹೋಗುತ್ತಿದ್ದಾರೆ. ದೊಡ್ಡ ಕಂಪನಿಯವರು ಮಾರ್ಚ್‌ನಲ್ಲಿ ಇನ್ನೊಂದು ಸಲ ಬಂದು ಕೂತು ತೀರ್ಮಾನಿಸುತ್ತಾರಂತೆ. ಅವರು ಬೇಡವೆಂದರೆ ಈ ಗಾಜಿನ ಬಾಗಿಲು ಉಳಿಯುವುದಿಲ್ಲ.

ನಿನ್ನ ಕಿಟಕಿಗೆ ಕೊಟ್ಟಿರುವ ನಂಬರು ನನ್ನದು. ಈಗ ಸಭೆಗೂ ಫೋನನ್ನು ಜೊತೆಗೇ ಒಯ್ಯುತ್ತೇನೆ. ಕ್ಯಾಮೆರಾ ಮತ್ತೆ ಹಾಕು ಎಂದು ಕೇಳುವುದಿಲ್ಲ. ಕೇಳುವ ಮುಖವಿಲ್ಲ.

ನಿನ್ನ
ಪುಟ್ಟಿ


ಮಾರ್ಚ್ 8

ಪುಟ್ಟೀ,

ನಿನ್ನ ಕಾಗದ ಬಂದ ದಿನ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಅದಕ್ಕೇ ಪೆನ್ನು ಕೆಳಗಿಟ್ಟೆ. ಸಿಟ್ಟು ಇಳಿದಿದೆ ಎಂದು ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ದಿನಾ ಹೊಸದಾಗಿ ಬರುತ್ತದೆ. ನಲವತ್ತು ವರ್ಷದ ಕೈ. ಎಡಗೈಯಲ್ಲಿ ಈಗ ಗೆರೆ ಎಳೆಯಲು ಕಲಿಯುತ್ತಿದ್ದೇನೆ, ಸಣ್ಣ ಬೋರ್ಡುಗಳನ್ನು ಬರೆಯುತ್ತೇನೆ. "ಬಾಡಿಗೆಗೆ ಇದೆ", "ನಾಯಿ ಇದೆ", ಇಂಥವು. ನಾಯಿಗೆ ಅಕ್ಷರದ ಬಗ್ಗೆ ತಕರಾರಿಲ್ಲ.

ಮಾಡಿದ್ದನ್ನು ಹೇಳುತ್ತೇನೆ, ನಿನಗೆ ಅರ್ಧ ಗೊತ್ತಿದೆ.

ಕಳೆದ ವಾರ ಬೀಗದಮ್ಮನ ಕೈಯಲ್ಲಿ ಕ್ಯಾಮೆರಾ ಮತ್ತೆ ಹಾಕಿಸಿದೆ. ನಿನಗೆ ತಿಳಿಸಲಿಲ್ಲ. ಎರಡು ದಿನ ಸುಮ್ಮನೆ ಕೆಲಸ ಮಾಡಿದೆ. ಮೊನ್ನೆ, ದೊಡ್ಡ ಕಂಪನಿಯವರು ನಿಮ್ಮಲ್ಲಿಗೆ ಬರುವ ದಿನ ಎಂದು ಪೇಪರಿನಲ್ಲಿ ಓದಿ, ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ನಾನೇ ವೈರು ಕಿತ್ತೆ. ಬೇಕೆಂದೇ ಕಿತ್ತೆ. ಫೋನನ್ನು ಮೇಜಿನ ಮೇಲಿಟ್ಟು, ಕುರ್ಚಿ ಹಾಕಿಕೊಂಡು ಕೂತೆ.

ಕುರ್ಚಿ ಸರಿಯಾಗಿ ಎಳೆದುಕೊಳ್ಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಿನ್ನ ನಂಬರು. ಎತ್ತಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಆಗಲೂ ಎತ್ತಲಿಲ್ಲ. ಪಕ್ಕದಲ್ಲಿ ಬೀಗದಮ್ಮನ ಫೋನು ಬಡಿದುಕೊಳ್ಳುವುದು ಗೋಡೆಯಲ್ಲಿ ಕೇಳಿಸಿತು. ಅವಳು ಚಪ್ಪಲಿಯೂ ಇಲ್ಲದೆ ಓಡಿ ಬಂದು ಬಾಗಿಲು ದಬ್ಬಿ, ನಾನು ಕಾಲ ಮೇಲೆ ಕಾಲು ಹಾಕಿ ಕೂತಿರುವುದನ್ನು ಕಂಡು ಬಾಯಿಗೆ ಬಂದಂತೆ ಬಯ್ದಳು. ನಾನು ಬೆರಳು ತುಟಿಗಿಟ್ಟು ಸುಮ್ಮನಿರು ಅಂದೆ. ನನ್ನ ಫೋನು ಮತ್ತೆ ಶುರುವಾಯಿತು.

ನೆಲದ ಮೇಲೆ ಬಿದ್ದು ಕೂಗುತ್ತಿದ್ದಾಗ ನನಗೆ ಎಷ್ಟು ಭಯವಾಗಿತ್ತೋ ಅಷ್ಟು ಭಯ ನಿನಗೂ ಆಗಲಿ ಎಂದು ಬಯಸಿದೆ. ನೀನು ನನ್ನ ಒಬ್ಬಳೇ ಮಗಳು, ನಿನ್ನ ಮೇಲೆ ಹಾಗೆ ಬಯಸಿದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಎತ್ತಿದಾಗ ನಿನ್ನ ಏದುಸಿರು ಮೊದಲು ಕೇಳಿಸಿತು. ಮೆಟ್ಟಿಲು ಇಳಿಯುತ್ತಿದ್ದೆ ಅನ್ನಿಸುತ್ತದೆ. ಹಿಂದೆ ನಿಮ್ಮ ಕನ್ನಡಕದವನೇ ಇರಬೇಕು, ನಿನ್ನನ್ನು ಕರೆಯುತ್ತಿದ್ದ, "ಎಲ್ಲರೂ ಕಾಯ್ತಿದ್ದಾರೆ, ಒಳಗೆ ಬಾ" ಎಂದು. ನೀನು "ಅಪ್ಪಾ" ಅಂದೆ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ನೀನು ಇನ್ನೊಂದು ಸಲ "ಅಪ್ಪಾ, ಇದ್ದೀಯಾ" ಅಂದೆ, ಚಿಕ್ಕವಳಿದ್ದಾಗ ಕರೆಂಟು ಹೋದರೆ ಕೇಳುತ್ತಿದ್ದ ಹಾಗೆ. ಆಗ ನಾನು "ಇದ್ದೀನಿ, ವೈರು ನಾನೇ ಕಿತ್ತೆ" ಅಂದೆ.

ನೀನು ಬಯ್ಯುತ್ತೀಯ ಎಂದುಕೊಂಡಿದ್ದೆ. ನೀನು ಮೆಟ್ಟಿಲ ಮೇಲೆ ಕೂತು ಅತ್ತೆ. ನಾನೂ ಫೋನು ಇಡಲಿಲ್ಲ. ಕನ್ನಡಕದವನು ಎರಡನೇ ಸಲ ಕರೆದ, ಆಮೇಲೆ ಕರೆಯುವುದನ್ನು ಬಿಟ್ಟ.

ಆ ಸಭೆ ಏನಾಯಿತೆಂದು ನೀನು ಹೇಳಿಲ್ಲ, ನನಗೂ ಕೇಳುವ ಧೈರ್ಯವಿಲ್ಲ. ವೈರು ಮತ್ತೆ ಸಿಕ್ಕಿಸಿದ್ದೇನೆ. ಇನ್ನು ನಾನಾಗಿ ಕೀಳುವುದಿಲ್ಲ.

ಅಪ್ಪ